ಸನ್ನತಿ ಯಾತ್ರೆ

ನಮ್ಮ ಶಾಲೆಯ ವಾರ್ಷಿಕ ಸ್ಮರಣ ಸಂಪುಟಕ್ಕೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಸೂಚಿಸಿದಾಗ, ಎಂದಿನಂತೆ ಪ್ರಾಚೀನ ಕಾವ್ಯದ ಒಂದು ಸಂದರ್ಭವನ್ನು ಆರಿಸಿಕೊಂಡು ನಾಲ್ಕು ಪುಟ ಬರೆದುಕೊಡುವ ವಿಚಾರ ನನ್ನದಾಗಿತ್ತು. ಹಾಗೆ ಮಾಡಿದ್ದರೆ ನನಗೂ ಸುಲಭವಾಗುತ್ತಿತ್ತು, ವಾಚಕರಿಗೂ ಪರಿಚಿತವೆನಿಸುತ್ತಿತ್ತು. ಆದರೆ ಕಳೆದ ಮಾಘ ಮಾಸದಲ್ಲಿ ಕೈಗೊಂಡ ಒಂದು ಚಿಕ್ಕ ಪ್ರವಾಸವು ಆ ವಿಚಾರವನ್ನು ಬದಲಿಸಿತು. ಆ ಪ್ರವಾಸದ ವೃತ್ತಾಂತವನ್ನೂ, ಅದರೊಡನೆ ಹೆಣೆದುಕೊಂಡಿರುವ ನನ್ನದೊಂದು ತಪ್ಪನ್ನೂ ನಮ್ಮ ಅಧ್ಯಾಪಕ ಬಂಧುಗಳ, ಹಳೆಯ ವಿದ್ಯಾರ್ಥಿಗಳ ಹಾಗೂ ದಾನಿಗಳ ಮುಂದೆ ನಿವೇದಿಸಿಕೊಳ್ಳುವುದು ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ.

ಪ್ರವಾಸದ ಬೀಜ ಬಿದ್ದದ್ದು ನಮ್ಮ ಅಧ್ಯಾಪಕರ ಕೊಠಡಿಯಲ್ಲಿ. ಒಂದು ಮಧ್ಯಾಹ್ನ ಬುತ್ತಿ ಬಿಚ್ಚಿ ರೊಟ್ಟಿ, ಶೇಂಗಾ ಹಿಂಡಿ ಹಂಚಿಕೊಂಡು ಉಣ್ಣುತ್ತಿದ್ದಾಗ ಇತಿಹಾಸದ ಅಧ್ಯಾಪಕರು ದಕ್ಷಿಣ ಅಮೆರಿಕದ ಪೆರು ದೇಶದ ಕಥೆಯೊಂದನ್ನು ಹೇಳಿದರು. ಅಲ್ಲಿಯ ಪ್ರಾಚೀನ ಅರಸುಮನೆತನವಾದ ಇಂಕಾ ಜನರ ಕಡೆಯ ರಾಜಧಾನಿಯನ್ನು ಅರಸುತ್ತ ಹೊರಟವನು ಹಿರಾಮ್ ಬಿಂಗ್ಹಾಮ್. ಆತನೂ ನಮ್ಮಂತೆ ಪಾಠ ಹೇಳುವ ವೃತ್ತಿಯವನು. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಇತಿಹಾಸದ ಅಧ್ಯಾಪಕ. 1911ರ ಜುಲೈ 24ರಂದು ಆತ ಬೆಟ್ಟದ ನೆತ್ತಿಯ ಮೇಲಿದ್ದ ಮಾಚು ಪಿಚುವೆಂಬ ಹಾಳೂರನ್ನು ಕಂಡನು. ಆತ ಅರಸಿದ ರಾಜಧಾನಿ ಅದಾಗಿರಲಿಲ್ಲ. ಆದರೂ ಆ ಹೆಸರು ಜಗತ್ತಿನಲ್ಲೆಲ್ಲ ಹಬ್ಬಿತು. ಇಂದಿಗೂ ಸಾವಿರಾರು ಜನ ಆ ಬೆಟ್ಟವನ್ನು ಏರುತ್ತಾರೆ.

"ಆದರೆ ಗುರುಗಳೇ, ಆತನಿಗೆ ದಾರಿ ತೋರಿಸಿದವರು ಯಾರು ಬಲ್ಲಿರಾ?" ಎಂದು ಇತಿಹಾಸದ ಅಧ್ಯಾಪಕರು ಕೇಳಿದರು. "ಬೆಟ್ಟದ ಬುಡದಿಂದ ಕರೆದೊಯ್ದವನು ಮೆಲ್ಚೋರ್ ಆರ್ತೇಗಾ ಎಂಬ ಒಬ್ಬ ಒಕ್ಕಲಿಗ. ಮೇಲೆ ಹೋದಾಗ ಹಳೆಯ ಕಟ್ಟೆಗಳ ಮೇಲೆಯೇ ಬೆಳೆ ತೆಗೆಯುತ್ತಿದ್ದ ಒಕ್ಕಲು ಮನೆಗಳಿದ್ದವು. ಅಲ್ಲಿಂದ ಮುಂದೆ ಗೋಡೆಗಳ ನಡುವೆ ಕೈಹಿಡಿದು ನಡೆಸಿದವನು ಒಬ್ಬ ಚಿಕ್ಕ ಹುಡುಗ. ಅಷ್ಟೇ ಅಲ್ಲ, ಒಂಬತ್ತು ವರ್ಷ ಮೊದಲೇ, ಅಂದರೆ 1902ರಲ್ಲಿ, ಲಿಸಾರಾಗಾ ಎಂಬ ಆ ಸೀಮೆಯವನೊಬ್ಬ ಅಲ್ಲಿಯ ಗೋಡೆಯ ಮೇಲೆ ತನ್ನ ಹೆಸರನ್ನು ಬರೆದಿಟ್ಟಿದ್ದ."

ಉಳಿದವರು ಕೌತುಕದಿಂದ ಕೇಳಿದರು. ನನಗೆ ಮಾತ್ರ ಆ ಹುಡುಗನ ಪ್ರಸ್ತಾಪ ಬಂದೊಡನೆ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ಅದರ ಕಾರಣವನ್ನು ಮುಂದೆ ಹೇಳುತ್ತೇನೆ. ಅಂದೇ ನಾನು, "ಪೆರು ದೇಶ ನಮಗೆ ದೂರ; ನಮ್ಮ ಜಿಲ್ಲೆಯಲ್ಲಿಯೇ ಸನ್ನತಿಯಿದೆ. ಕಪಟರಾಳ ಕೃಷ್ಣರಾಯರು 1954ರಲ್ಲಿ ಕಂಡುಕೊಂಡ ಆ ಹಾಳೂರಿಗೆ ನಾವೂ ಒಮ್ಮೆ ಹೋಗಿ ಬರೋಣ" ಎಂದೆನು. ಅವರೂ ಒಪ್ಪಿದರು. ಹತ್ತನೆಯ ತರಗತಿಯ ಇಬ್ಬರು ವಿದ್ಯಾರ್ಥಿಗಳನ್ನು ಸಂಗಡ ಕರೆದುಕೊಂಡೆವು.

ಚಂದ್ರಂಪಳ್ಳಿಯಿಂದ ನಸುಕಿನಲ್ಲಿ ಹೊರಟೆವು. ಕಟ್ಟೆಯ ನೀರಿನ ಮೇಲೆ ಇನ್ನೂ ಮಂಜು ಕವಿದಿತ್ತು. ಆಚೆಯ ಕಾಡು ಕಪ್ಪಗೆ ಕಾಣುತ್ತಿತ್ತು. ನಮ್ಮ ಹಳ್ಳದ ನೀರು ಮುಲ್ಲಾಮಾರಿಗೆ, ಮುಲ್ಲಾಮಾರಿಯ ನೀರು ಕಾಗಿಣೆಗೆ, ಕಾಗಿಣೆಯ ನೀರು ಭೀಮೆಗೆ ಸೇರುತ್ತದೆ. ಸನ್ನತಿ ಇರುವುದು ಭೀಮೆಯ ದಂಡೆಯ ಮೇಲೆ. ಆದ್ದರಿಂದ ನಮಗಿಂತ ಮೊದಲೇ ನಮ್ಮೂರಿನ ನೀರು ಈ ಯಾತ್ರೆಯನ್ನು ವರ್ಷವರ್ಷವೂ ಮಾಡುತ್ತಲಿದೆ ಎಂದು ಹುಡುಗರಿಗೆ ಹೇಳಿದೆನು. ಚಿಂಚೋಳಿಯ ಮೇಲೆ ಹಾಯ್ದು ಬಸ್ಸು ಸೇಡಮ್ ಮುಟ್ಟಿದಾಗ ಹೊತ್ತು ಚೆನ್ನಾಗಿ ಏರಿತ್ತು. ಹೊಲಗಳಲ್ಲಿ ತೊಗರಿಯ ಕೊಯ್ಲು ಮುಗಿದು ಬರಿಯ ಕೂಳೆಗಳು ನಿಂತಿದ್ದವು.

ಸೇಡಮಿನಲ್ಲಿ ರೈಲು ಹತ್ತಿದೆವು. ವಾಡಿಯಿಂದ ಸಿಕಂದರಾಬಾದಿಗೆ ಹೋಗುವ ಈ ಮಾರ್ಗವು ನಿಜಾಮರ ಕಾಲದ್ದು, 1874ರಲ್ಲಿ ಆರಂಭವಾದುದು. ದಾರಿಯಲ್ಲಿ ಮಳಖೇಡದ ನಿಲ್ದಾಣ ಬಂತು. ರಾಷ್ಟ್ರಕೂಟರ ಮಾನ್ಯಖೇಟವೆಂದರೆ ಇದೇ. ಕನ್ನಡದಲ್ಲಿ ಉಪಲಬ್ಧವಾಗಿರುವ ಮೊದಲ ಗ್ರಂಥವಾದ ಕವಿರಾಜಮಾರ್ಗವು ಹುಟ್ಟಿದ್ದು ಒಂಬತ್ತನೆಯ ಶತಮಾನದಲ್ಲಿ, ಈ ಊರಿನ ಅರಸನ ಆಸ್ಥಾನದಲ್ಲಿ. ನಾನು ಕೈಮುಗಿದೆನು, ಹುಡುಗರೂ ಮುಗಿದರು. ಚಿತ್ತಾಪುರ ದಾಟಿದ ಮೇಲೆ ನೆಲದ ಬಣ್ಣವೇ ಬೇರೆ. ಎಲ್ಲಿ ನೋಡಿದರೂ ಪದರು ಪದರಾಗಿ ಎದ್ದ ಕಲ್ಲಿನ ಗಣಿಗಳು, ಫರ್ಸಿಗಳ ರಾಶಿಗಳು, ದೂರದಲ್ಲಿ ಸಿಮೆಂಟು ಕಾರ್ಖಾನೆಯ ಹೊಗೆಕೊಳವೆಗಳು. ಶಹಾಬಾದಿನ ಕಲ್ಲೆಂದು ನಾಡಿನಲ್ಲೆಲ್ಲ ಹೆಸರಾದ ಈ ಸುಣ್ಣದ ಕಲ್ಲು ನಮ್ಮ ಅಡುಗೆಮನೆಯ ನೆಲವಾಗಿದೆ, ಬಚ್ಚಲ ಹಾಸಾಗಿದೆ, ಶಾಲೆಯ ಪಡಸಾಲೆಯಾಗಿದೆ. ಎರಡು ಸಾವಿರ ವರ್ಷಗಳ ಹಿಂದೆ ಇದೇ ಜಾತಿಯ ಕಲ್ಲಿನ ಮೇಲೆ ಬುದ್ಧನ ಚರಿತ್ರೆಯನ್ನು ಕೆತ್ತಿದ್ದರೆಂಬುದನ್ನು ಆ ದಿನದ ಮಟ್ಟಿಗೆ ಪುಸ್ತಕದಿಂದ ಮಾತ್ರ ಬಲ್ಲವನಾಗಿದ್ದೆನು. ವಾಡಿಯಲ್ಲಿ ಗಾಡಿ ಬದಲಿಸಿ, ರಾಯಚೂರಿನ ಮಾರ್ಗದಲ್ಲಿರುವ ನಾಲವಾರದಲ್ಲಿ ಇಳಿದು, ಅಲ್ಲಿಂದ ಒಂದು ಟಂಟಂ ಗಾಡಿ ಗೊತ್ತುಮಾಡಿಕೊಂಡು ಸನ್ನತಿಗೆ ನಡೆದೆವು.

ಕೃಷ್ಣರಾಯರ ಕಾರ್ಯದ ಮಹತ್ವವನ್ನು ತಿಳಿಯಬೇಕಾದರೆ ಆ ಕಾಲದ ಸ್ಥಿತಿಯನ್ನು ನೆನೆಯಬೇಕು. ಕನ್ನಡ ನಾಡಿನಲ್ಲಿ ಅಶೋಕನ ಶಾಸನಗಳು ಮೊದಲು ದೊರೆತದ್ದು 1892ರಲ್ಲಿ, ರೈಸ್ ಸಾಹೇಬರಿಗೆ, ಚಿತ್ರದುರ್ಗ ಸೀಮೆಯ ಬ್ರಹ್ಮಗಿರಿಯ ಸುತ್ತಿನಲ್ಲಿ. 1915ರಲ್ಲಿ ಚಿನ್ನದ ಅದಿರನ್ನು ಅರಸುತ್ತಿದ್ದ ಬೀಡನ್ ಎಂಬ ಇಂಜಿನಿಯರಿಗೆ ಮಸ್ಕಿಯ ಶಾಸನ ಕಂಡಿತು. ದೇವಾನಾಂಪ್ರಿಯನೆಂಬ ಬಿರುದಿನ ಸಂಗಡ ಅಶೋಕನೆಂಬ ಹೆಸರೂ ಅದರಲ್ಲಿದ್ದುದರಿಂದ ಆ ಬಿರುದಿನ ಅರಸನಾರೆಂಬ ಸಂಶಯ ಪರಿಹಾರವಾಯಿತು. 1931ರಲ್ಲಿ ಕೊಪ್ಪಳದ ಗವಿಮಠ, ಪಾಲ್ಕಿಗುಂಡುಗಳ ಶಾಸನಗಳು ಬೆಳಕಿಗೆ ಬಂದವು. ಭೀಮಾ ತೀರದ ಮೇಲೆ ಮಾತ್ರ ಕತ್ತಲೆ ಹಾಗೆಯೇ ಉಳಿದಿತ್ತು. ನಮ್ಮ ಜಿಲ್ಲೆ ಆಗ ಹೈದರಾಬಾದ್ ರಾಜ್ಯದಲ್ಲಿತ್ತು. ಮೈಸೂರು ರಾಜ್ಯವನ್ನು ಸೇರಿದ್ದು 1956ರ ನವೆಂಬರ್ 1ರಂದು. ಅದಕ್ಕೆ ಎರಡು ವರ್ಷ ಮೊದಲೇ, ಲಾಕುಳಶೈವರ ಚರಿತ್ರೆಯನ್ನೂ ಸುರಪುರ ಸಂಸ್ಥಾನದ ಇತಿಹಾಸವನ್ನೂ ಬರೆದ ಈ ವಿದ್ವಾಂಸರು ಸನ್ನತಿಯ ದಿನ್ನೆಗಳ ನಡುವೆ ನಿಂತು, ಇದು ಬರಿಯ ದೇವಿಯ ಕ್ಷೇತ್ರವಲ್ಲ, ಇದರಡಿಯಲ್ಲಿ ಪ್ರಾಚೀನ ಬೌದ್ಧ ನೆಲೆಯೊಂದು ಮಲಗಿದೆಯೆಂದು ಗುರುತಿಸಿದರು. ತರುವಾಯ ಬಂದ ಶೋಧಕರೆಲ್ಲರೂ ಅವರು ತೋರಿಸಿದ ದಾರಿಯಲ್ಲಿಯೇ ಬಂದರು.

ನನಗೆ ಸನ್ನತಿ ಹೊಸದಲ್ಲ. ಎಂಟು ವರ್ಷದವನಿದ್ದಾಗ ಆಯಿ, ಅಂದರೆ ನನ್ನ ತಂದೆಯ ತಾಯಿ, ಹರಕೆ ತೀರಿಸಲು ಚಂದ್ರಲಾಂಬೆಯ ಸನ್ನಿಧಿಗೆ ನನ್ನನ್ನು ಕರೆದುಕೊಂಡು ಬಂದಿದ್ದಳು. ದುರುಳನಾದ ಸೇತುರಾಜನ ಮೇಲೆ ತಾಯಿ ದುಂಬಿಗಳನ್ನು ಬಿಟ್ಟ ಕಥೆಯನ್ನು ಅವಳು ಹೇಳಿದ್ದು, ಆ ರಾತ್ರಿಯೆಲ್ಲ ನಾನು ಕಿವಿ ಮುಚ್ಚಿಕೊಂಡು ಮಲಗಿದ್ದು ಇನ್ನೂ ನೆನಪಿದೆ. ಅದೇ ಆವರಣದ ಕಾಳಿಯ ಗುಡಿಯಲ್ಲಿ ಅವಳು ನನ್ನ ತಲೆಯನ್ನು ಬಗ್ಗಿಸಿ, "ಕಲ್ಲಿಗೆ ಹಣಿ ಹಚ್ಚಪಾ, ತಾಯಿ ಕಾಯ್ತಾಳ" ಎಂದಿದ್ದಳು. ನಾನು ಹಣೆ ಹಚ್ಚಿದೆನು. ಎಣ್ಣೆ, ಕುಂಕುಮಗಳ ವಾಸನೆಯ ತಣ್ಣನೆಯ ಕತ್ತಲೆ. ಅಷ್ಟೇ ನನಗೆ ತಿಳಿದದ್ದು.

1986ರಲ್ಲಿ ಆ ಕಾಳಿಯ ಗುಡಿಯ ಮಾಳಿಗೆ ಕುಸಿದು ಬಿದ್ದಿತು. ಮಣ್ಣು ತೆಗೆದು ನೋಡಿದಾಗ, ಮೂರ್ತಿಯ ಪೀಠವಾಗಿದ್ದ ಹಾಸುಗಲ್ಲಿನ ಮೇಲೆ ಅಕ್ಷರಗಳಿದ್ದವು. ಅದು ಅಶೋಕ ಚಕ್ರವರ್ತಿಯ ಶಾಸನ! ಆತನ ಹದಿನಾಲ್ಕು ಶಿಲಾಶಾಸನಗಳ ಪೈಕಿ ಹನ್ನೆರಡನೆಯದರ ಮತ್ತು ಹದಿನಾಲ್ಕನೆಯದರ ಭಾಗಗಳು, ಅವುಗಳೊಡನೆ ಅದುವರೆಗೆ ಕಳಿಂಗದ ಧೌಳಿ, ಜೌಗಡಗಳಲ್ಲಿ ಮಾತ್ರ ದೊರೆತಿದ್ದ ಎರಡು ಪ್ರತ್ಯೇಕ ಶಾಸನಗಳು, ಆ ಒಂದೇ ಫಲಕದ ಎರಡು ಮಗ್ಗುಲಲ್ಲಿದ್ದವು. ಪ್ರಜೆಗಳನ್ನು ಹೆತ್ತ ಮಕ್ಕಳಂತೆ ಕಾಣಬೇಕೆಂದು ಅಧಿಕಾರಿಗಳಿಗೆ ಬುದ್ಧಿ ಹೇಳುವ ಶಾಸನಗಳವು. ಎಷ್ಟೋ ಶತಮಾನಗಳ ಕೆಳಗೆ ಯಾರೋ ಮೂರ್ತಿಯನ್ನು ನಿಲ್ಲಿಸುವುದಕ್ಕೆಂದು ಫಲಕದ ನಡುವೆ ಗುಳಿ ಕೊರೆದಿದ್ದರು. ಅಲ್ಲಿಯ ಅಕ್ಷರಗಳೆಲ್ಲ ಹೋಗಿಬಿಟ್ಟಿದ್ದವು. ಕೊರೆದವರನ್ನು ನಾನು ದೂಷಿಸಲಾರೆ. ಓದಲು ಬಾರದ ಕಲ್ಲನ್ನು ಅವರು ದೇವರ ಅಡಿಯಲ್ಲಿಟ್ಟು ಉಳಿಸಿದರು. ಓದು ಬಲ್ಲವನೆನಿಸಿಕೊಂಡ ನಾನು ಮಾಡಿದ್ದು ಅದಕ್ಕಿಂತ ಕೀಳಾದದ್ದು.

ರಕ್ಷಿಸಿಟ್ಟಿರುವ ಆ ಫಲಕದ ಮುಂದೆ ನಿಂತಾಗ ಇತಿಹಾಸದ ಅಧ್ಯಾಪಕರು ಹುಡುಗರಿಗೆ ಅಕ್ಷರ ತೋರಿಸತೊಡಗಿದರು. "ಗಣಿತದ ಕೂಡಿಸುವ ಚಿಹ್ನೆಯಂತಿರುವುದು ಕ. ಗುಡಿಸಲಿನ ಸೂರಿನಂತೆ ಎರಡು ಗೆರೆ ಕೂಡಿದ್ದು ಗ. ನಡುವೆ ಚುಕ್ಕೆಯಿಟ್ಟ ಸೊನ್ನೆ ಥ. ಇದೇ ಬ್ರಾಹ್ಮಿ. ನಮ್ಮ ಕನ್ನಡ ಅಕ್ಷರಗಳ ಮೂಲ ಮುತ್ತಜ್ಜಿ." ಹುಡುಗರು ಗಾಳಿಯಲ್ಲಿ ಬೆರಳಾಡಿಸಿ ಬರೆದು ನೋಡಿದರು. ನಾನು ಪಕ್ಕದ ಗೋಡೆಗೆ ಕೈಯಿಟ್ಟು ನಿಂತೆನು. ಆ ಮೂರು ಅಕ್ಷರಗಳನ್ನು ನಾನು ಮೊದಲೇ ಕಂಡಿದ್ದೆನು, ನಮ್ಮ ಶಾಲೆಯಲ್ಲಿಯೇ, ಒಬ್ಬ ಹುಡುಗನ ನೋಟುಬುಕ್ಕಿನ ಕಡೆಯ ಪುಟದಲ್ಲಿ.

ಅದು 2004ನೆಯ ಇಸವಿ. ಭೀಮಾ ತೀರದ ಒಂದು ಹಳ್ಳಿಯ ಬಡ ಒಕ್ಕಲಿನ ಹುಡುಗ ನಮ್ಮ ಉಚಿತ ಪ್ರಸಾದ ನಿಲಯದಲ್ಲಿದ್ದು ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದ. ವ್ಯಾಕರಣದ ಪಾಠದ ನಡುವೆ ಎದ್ದು ನಿಂತು, "ಗುರುಗಳ್ರೀ, ನಮ್ಮೂರ ಬಾವಿ ಕಟ್ಟಿ ಕಲ್ಲಿನ ಮ್ಯಾಲ ಹಿಂಗ ಬರದದ್ರಿ. ಇದು ಯಾವ ಅಕ್ಷರ್ರಿ?" ಎಂದು ಪುಸ್ತಕವನ್ನು ಮುಂದೆ ಹಿಡಿದ. ನಾನು ಮಠದ ಪಾಠಶಾಲೆಯಲ್ಲಿ ಅಮರಕೋಶವನ್ನೂ ಶಬ್ದಮಣಿದರ್ಪಣವನ್ನೂ ಕಂಠಪಾಠ ಮಾಡಿ, ವಿದ್ವತ್ ಪರೀಕ್ಷೆಯಲ್ಲಿ ತೇರ್ಗಡೆಯಾದವನು. ಹಳಗನ್ನಡದ ಶಾಸನವನ್ನು ತಡವರಿಸದೆ ಓದುತ್ತೇನೆಂಬ ಅಭಿಮಾನ ನನ್ನದು. ನನಗೆ ತಿಳಿಯದ ಅಕ್ಷರ ಅಕ್ಷರವೇ ಅಲ್ಲವೆಂದು ಮನಸ್ಸು ತೀರ್ಪು ಕೊಟ್ಟುಬಿಟ್ಟಿತು. "ಕಲ್ಲುಕುಟಿಗರು ಉಳಿಯ ಮೊನೆ ನೋಡಿಕೊಂಡ ಗೀರುಗಳಯ್ಯಾ ಇವು. ಮೊದಲು ಕನ್ನಡದ ಕಾಗುಣಿತವನ್ನು ಸರಿಯಾಗಿ ಕಲಿ, ಆಮೇಲೆ ಬಾವಿಯ ಕಟ್ಟೆಯನ್ನು ಓದುವೆಯಂತೆ" ಎಂದೆನು. ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆನು. ಹುಡುಗ ಪುಸ್ತಕ ಮುಚ್ಚಿ ಕುಳಿತ. ಮುಂದಿನ ಎರಡು ವರ್ಷಗಳಲ್ಲಿ ಅವನು ನನ್ನನ್ನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಹತ್ತನೆಯ ತರಗತಿ ಮುಗಿಸಿ ಕೂಲಿಗೆಂದು ಪುಣೆಗೆ ಹೋದನೆಂದು ತರುವಾಯ ಕೇಳಿದೆನು.

ಆ ಗೀರುಗಳು ನಿಜವಾಗಿಯೂ ಶಾಸನವೇ ಆಗಿದ್ದವೆಂದು ನಾನು ಹೇಳುತ್ತಿಲ್ಲ. ಎಲ್ಲೋ ಒಂದು ಹೆಸರಿರಬಹುದು, ದಾನದ ಎರಡು ಮಾತಿರಬಹುದು, ಬರಿಯ ಗುರುತೇ ಇರಬಹುದು. ಆದರೆ ಹುಡುಗ ತಂದದ್ದು ಪ್ರಶ್ನೆ. 'ನನಗೆ ತಿಳಿಯದು, ಬಲ್ಲವರನ್ನು ಕೇಳೋಣ' ಎಂಬ ಒಂದೇ ಮಾತು ಸಾಕಾಗಿತ್ತು. ಅದನ್ನು ಆಡಲು ನನ್ನ ಪಾಂಡಿತ್ಯ ಬಿಡಲಿಲ್ಲ.

ಅಶೋಕನ ಹನ್ನೆರಡನೆಯ ಶಾಸನದ ವಿಷಯವೇ ಮಾತಿನ ಸಂಯಮ. ತನ್ನ ಮತವನ್ನು ಹೊಗಳಿಕೊಳ್ಳುವ ಭರದಲ್ಲಿ ಇತರರ ಮತವನ್ನು ಹಳಿಯುವವನು ತನ್ನದಕ್ಕೇ ಹೆಚ್ಚಿನ ಹಾನಿ ಮಾಡಿಕೊಳ್ಳುತ್ತಾನೆ. ಒಬ್ಬರ ಮಾತನ್ನು ಒಬ್ಬರು ಕೇಳಬೇಕು ಎಂಬುದು ಅದರ ತಾತ್ಪರ್ಯ. ಅದರಲ್ಲಿ 'ವಚಗುತಿ' ಎಂಬ ಪ್ರಾಕೃತ ಪದವಿದೆ. ವಾಕ್ಕನ್ನು ಕಾಯ್ದುಕೊಳ್ಳುವುದು ಎಂದರ್ಥ. ನುಡಿಯ ಶುದ್ಧಿಯನ್ನು ಕುರಿತ ಶರಣರ ವಚನಗಳನ್ನು ಎಷ್ಟು ವರ್ಷ ನಾನು ಪಾಠ ಹೇಳಿದ್ದೇನೆ! ಹದಿನಾಲ್ಕನೆಯ ಶಾಸನವು ಇನ್ನೂ ವಿನಯದ್ದು. ಸ್ಥಳದ ದೆಸೆಯಿಂದಲೋ ಲಿಪಿಕಾರನ ತಪ್ಪಿನಿಂದಲೋ ಕೆಲವೆಡೆ ಬರೆಹ ಅಪೂರ್ಣವಾಗಿರಬಹುದೆಂದು ಚಕ್ರವರ್ತಿಯೇ ಅದರಲ್ಲಿ ಒಪ್ಪಿಕೊಂಡಿದ್ದಾನೆ. ಅಷ್ಟು ದೊಡ್ಡ ಅರಸನು ಕಲ್ಲಿನ ಮೇಲೆ ತಪ್ಪನ್ನು ಒಪ್ಪಿಕೊಳ್ಳಬಲ್ಲನಾದರೆ, ಶಾಲೆಯ ಪಂಡಿತನೊಬ್ಬನು ಕಾಗದದ ಮೇಲೆ ಒಪ್ಪಿಕೊಳ್ಳುವುದಕ್ಕೆ ಸಂಕೋಚವೇಕೆ?

ಸನ್ನತಿಯಿಂದ ಎರಡು ಮೂರು ಕಿಲೋಮೀಟರು ದೂರದ ಕನಗನಹಳ್ಳಿಗೆ ಮಧ್ಯಾಹ್ನ ಹೋದೆವು. ಅಲ್ಲಿ 1994ರಿಂದ ಮೊದಲ್ಗೊಂಡು ಕೇಂದ್ರ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯವರು ನಡೆಸಿದ ಉತ್ಖನನದಿಂದ ಮಹಾಸ್ತೂಪವೊಂದು ಹೊರಬಂದಿತು. ಜಾತಕ ಕಥೆಗಳು, ಬುದ್ಧನ ಜೀವನದ ಪ್ರಸಂಗಗಳು, ಸಾತವಾಹನ ಅರಸರ ಚಿತ್ರಗಳು, ಎಲ್ಲವೂ ನಮ್ಮ ಸೀಮೆಯ ಸುಣ್ಣದ ಕಲ್ಲಿನ ಮೇಲೆಯೇ ಕೆತ್ತಲ್ಪಟ್ಟಿವೆ. ಅವುಗಳಲ್ಲಿ ಒಂದು ಫಲಕ ಲೋಕಪ್ರಸಿದ್ಧ. ರಾಣಿಯೊಡನೆ, ಪರಿಚಾರಿಕೆಯರ ನಡುವೆ ಒಬ್ಬ ಅರಸ ನಿಂತಿದ್ದಾನೆ. 'ರಾಯಾ ಅಸೋಕೋ' ಎಂದು ಎರಡೇ ಪದಗಳ ಬರೆಹವಿದೆ. ಆ ಎರಡು ಪದಗಳಿಲ್ಲದಿದ್ದರೆ ಅವನು ಹೆಸರಿಲ್ಲದ ಒಬ್ಬ ಅರಸನಾಗಿ ಉಳಿಯುತ್ತಿದ್ದ. ಒಂದು ಗೀರನ್ನೂ ಅಲಕ್ಷ್ಯ ಮಾಡದೆ ನೋಡಿದವರಿಂದಲೇ ಅಶೋಕನ ರೂಪವನ್ನು ಹೆಸರಿನ ಸಹಿತವಾಗಿ ಕಾಣುವ ಭಾಗ್ಯ ನಮಗೆ ದೊರೆಯಿತು.

ಹಿಂದಿರುಗುವ ಮುನ್ನ ಆ ಹುಡುಗನ ಹಳ್ಳಿಗೆ ಹೋಗಬೇಕೆಂದು ನಾನು ಹಟ ಹಿಡಿದೆನು. ಸಂಜೆಯ ಹೊತ್ತಿಗೆ ಅಲ್ಲಿ ಮುಟ್ಟಿದೆವು. ಬಾವಿ ಇರಲಿಲ್ಲ. ನಳದ ನೀರು ಬಂದ ಮೇಲೆ ಅದನ್ನು ಮುಚ್ಚಿ ಮೇಲೆ ಕಾಂಕ್ರೀಟು ಹಾಕಿದ್ದರು. ಕಟ್ಟೆಯ ಕಲ್ಲುಗಳೇನಾದವೆಂದು ಕೇಳಿದಾಗ ಮನೆಯ ಮುಂದೆ ತೊಗರಿ ಹಸನು ಮಾಡುತ್ತಿದ್ದ ಒಬ್ಬ ಮುದುಕಿ, "ಯಾವ್ಯಾವ ಪಾಯಾಕ ಹೋದ್ವೋ ಯಾರಿಗ್ಗೊತ್ತು ಸ್ವಾಮೇರಿ! ಕಲ್ಲ ಹುಡುಕ್ಕೋತ ಬಂದವ್ರು ನೀವ ಮೊದ್ಲ್ನೇವ್ರು" ಎಂದಳು. ಅನಂತರ ತಾನೇ ನೆನಪು ಮಾಡಿಕೊಂಡು, "ನಮ್ಮ ಓಣ್ಯಾಗಿನ ಒಂದು ಹುಡುಗ ಆ ಕಲ್ಲಿನ ಮುಂದ ಕುಂತು ಯಾವಾಗ್ಲೂ ಏನೋ ಗೀಚ್ತಿತ್ತು ನೋಡ್ರಿ" ಎಂದಳು. ನಾನು ಮಾತಾಡಲಿಲ್ಲ. ಅವಳು ಕೊಟ್ಟ ಚಹಾ ಕುಡಿದು ಎದ್ದೆವು.

ಬಂದ ಮರುವಾರವೇ ಶಾಲೆಯಲ್ಲಿ ಒಂದು ದಪ್ಪ ರಿಜಿಸ್ಟರನ್ನು ಇರಿಸಿದ್ದೇವೆ. ವಿದ್ಯಾರ್ಥಿಗಳು ತಮ್ಮ ತಮ್ಮ ಊರುಗಳಲ್ಲಿ ಕಂಡ ಬರೆಹದ ಕಲ್ಲು, ವೀರಗಲ್ಲು, ಮುರಿದ ವಿಗ್ರಹ, ಹಳೆಯ ಬಾವಿ ಇವುಗಳ ಸ್ಥಳ, ಆಕಾರ, ಊರವರು ಹೇಳುವ ಸಂಗತಿ ಎಲ್ಲವನ್ನೂ ಅದರಲ್ಲಿ ಬರೆಯಬೇಕು. ನಿಯಮಗಳು ಮೂರು. ಕಲ್ಲನ್ನು ಕದಲಿಸಬಾರದು, ಅದರ ಮೇಲೆ ಸುಣ್ಣ, ಬಣ್ಣ ಬಳಿಯಬಾರದು; ತಿಳಿಯದ್ದನ್ನು ಬಲ್ಲವರಿಗೂ ಇಲಾಖೆಗೂ ಬರೆದು ತಿಳಿಸಬೇಕು; ಯಾರು ಏನನ್ನು ತಂದರೂ ನಗಬಾರದು. ಮೂರನೆಯ ನಿಯಮ ಅಧ್ಯಾಪಕರಿಗಾಗಿ ಮಾಡಿದ್ದು. ಇದುವರೆಗೆ ಮೂವತ್ತೊಂದು ಕಲ್ಲುಗಳು ದಾಖಲಾಗಿವೆ. ಅವುಗಳಲ್ಲಿ ನಾಲ್ಕು ಬರಿಯ ಕಲ್ಲುಕುಟಿಗರ ಗುರುತುಗಳೆಂದು ತಿಳಿದುಬಂದಿದೆ. ಅವನ್ನೂ ಹೊಡೆದುಹಾಕದೆ ಹಾಗೆಯೇ ಇಟ್ಟಿದ್ದೇವೆ. ಈ ಕಾರ್ಯಕ್ಕೆ ದಾನಿಗಳಿಂದ ಹಣದ ಅಪೇಕ್ಷೆಯಿಲ್ಲ. ತಮ್ಮ ಹೊಲದ ಬದುವಿನಲ್ಲಿ, ಹೊಸ ಮನೆಯ ಪಾಯದಲ್ಲಿ ಅಂಥದೇನಾದರೂ ಕಂಡರೆ ಒಂದು ಕಾಗದ ಹಾಕಿದರೆ ಸಾಕು.

ಸನ್ನತಿ ಎಂಬ ಸಂಸ್ಕೃತ ಶಬ್ದಕ್ಕೆ ನಮಸ್ಕಾರ, ಬಾಗುವಿಕೆ, ವಿನಯ ಎಂಬ ಅರ್ಥಗಳಿವೆ. ನಿಘಂಟಿನಲ್ಲಿ ಅದನ್ನು ಬಾಲ್ಯದಲ್ಲಿಯೇ ಓದಿದ್ದೆನು. ಆಯಿ ನನ್ನ ತಲೆಯನ್ನು ಅಂದು ಆ ಕಲ್ಲಿಗೆ ಬಾಗಿಸಿದಳು. ತಾನಾಗಿ ಬಾಗುವುದನ್ನು ಕಲಿಯಲು ನನಗೆ ಐವತ್ತು ವರ್ಷ ದಾಟಬೇಕಾಯಿತು.

ಈ ಸಂಪುಟವು ನಮ್ಮ ಹಳೆಯ ವಿದ್ಯಾರ್ಥಿಗಳೆಲ್ಲರಿಗೂ ಅಂಚೆಯ ಮೂಲಕ ತಲುಪುವುದೆಂದು ಕೇಳಿದ್ದೇನೆ. ಪುಣೆಯಲ್ಲಿಯೋ ಬೇರೆಲ್ಲಿಯೋ ಇರುವ ಆ ಹುಡುಗನಿಗೂ ಒಂದು ಪ್ರತಿ ಸಿಕ್ಕೀತೆಂಬ ಆಸೆ ನನ್ನದು. ಈಗ ಅವನಿಗೂ ಶಾಲೆಗೆ ಹೋಗುವ ಮಕ್ಕಳಿರಬಹುದು. ಅಪ್ಪಾ, ನಿನ್ನ ಪ್ರಶ್ನೆಗೆ ಅಂದು ನಾನು ಕೊಟ್ಟ ಉತ್ತರ ತಪ್ಪು. ನನ್ನನ್ನು ಕ್ಷಮಿಸು. ಆ ನೋಟುಬುಕ್ಕು ನಿನ್ನಲ್ಲಿ ಉಳಿದಿದ್ದರೆ, ಅಥವಾ ಆ ಗೆರೆಗಳು ನಿನ್ನ ನೆನಪಿನಲ್ಲಿ ಉಳಿದಿದ್ದರೆ, ಒಂದು ಕಾರ್ಡಿನ ಮೇಲೆ ಬರೆದು ಕಳಿಸು. ರಿಜಿಸ್ಟರಿನ ಮೊದಲ ಪುಟದಲ್ಲಿ ನಿನ್ನ ಊರಿನ ಹೆಸರನ್ನು ಬರೆದು, ಕೆಳಗೆ ಸ್ಥಳ ಬಿಟ್ಟು ಇರಿಸಿದ್ದೇನೆ.